ಟ್ರಾಯ್‌ನಲ್ಲಿ ಹುಟ್ಟಿದ ಕಾರು ಟ್ರಾಯ್‌ಗೇ ಅಂಚೆಯಲ್ಲಿ ಬಂದದ್ದು ಯಾಕೆ?

ಪ್ರಶ್ನೆ: ನಾವು ಹಾಸನದ ಕಡೆಯವರು. ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್ ಊರಿನಲ್ಲಿ ಎಂಟು ವರ್ಷದಿಂದ ಇದ್ದೇವೆ. ಹೋದ ವರ್ಷ ಒಂದು ಹಳೆ ಮನೆ ಕೊಂಡೆವು. ಬೇಸ್‌ಮೆಂಟ್ ಖಾಲಿ ಮಾಡುವಾಗ ಅಲ್ಲಿಯ ಹಲಗೆಯ ಮೇಲೆ ಕಂದು ಕಾಗದ ಸುತ್ತಿದ ಒಂದು ಪಾರ್ಸಲ್ ಸಿಕ್ಕಿತು. ಒಳಗೆ ಎಎಂಟಿ ಕಂಪನಿಯ 1963ರ ಫೋರ್ಡ್ ಗ್ಯಾಲಕ್ಸಿ ಕಾರಿನ ಮಾಡೆಲ್ ಕಿಟ್, ಅಂದರೆ ಬಿಡಿ ಭಾಗ ಅಂಟಿಸಿ ಕಟ್ಟುವ ಪುಟ್ಟ ಪ್ಲಾಸ್ಟಿಕ್ ಕಾರು. ಜೋಡಿಸಿಲ್ಲ. ಪಾರ್ಸಲ್ ಮೇಲೆ ನಮ್ಮ ಈಗಿನ ಮನೆಯದೇ ವಿಳಾಸ. ಕಳಿಸಿದವರು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನ ಆಟೋ ವರ್ಲ್ಡ್. ಅಂಚೆ ಮುದ್ರೆ 1966ರ ಮಾರ್ಚ್‌ನದು. ಜೊತೆಗೆ ಮನಿ ಆರ್ಡರ್ ರಸೀದಿ ಮತ್ತು ಪೆನ್ಸಿಲ್‌ನಲ್ಲಿ ತುಂಬಿದ ಆರ್ಡರ್ ಚೀಟಿ ಇದೆ. ಮನೆ ಮಾರಿದ ಅಜ್ಜನಿಗೆ ಫೋನ್ ಮಾಡಿದೆ. ‘ಅದು ನನ್ನ ಅಣ್ಣನದು. ನೀವೇ ಇಟ್ಟುಕೊಳ್ಳಿ’ ಅಂದರು. ನನ್ನ ಹತ್ತು ವರ್ಷದ ಮಗನ ಪ್ರಶ್ನೆ: ‘ಡೆಟ್ರಾಯಿಟ್ ಪಕ್ಕದಲ್ಲೇ ಇದ್ದುಕೊಂಡು ಕಾರಿನ ಕಿಟ್ ಅಂಚೆಯಲ್ಲಿ ಯಾಕೆ ತರಿಸಿದರು?’ ನನ್ನ ಪ್ರಶ್ನೆ: ಇದನ್ನು ಮಗನಿಗೆ ಜೋಡಿಸಲು ಕೊಡಬಹುದಾ, ಹಾಗೇ ಇಡಬೇಕಾ? ಇದಕ್ಕೆ ಬೆಲೆ ಇದೆಯಾ, ಸರ್?

ಉತ್ತರ: ನಿಮ್ಮ ಮಗನ ಪ್ರಶ್ನೆ ನಿಮ್ಮ ಪ್ರಶ್ನೆಗಿಂತ ಚೆನ್ನಾಗಿದೆ. ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ಇನ್ನೂ ಒಂದು ವಿಷಯ ಗೊತ್ತಿಲ್ಲ. ಗೊತ್ತಾದರೆ ಇನ್ನೂ ಜಾಸ್ತಿ ತಲೆ ಕೆರೆದುಕೊಳ್ಳುತ್ತಾನೆ. ಎಎಂಟಿ ಕಂಪನಿಯ ಕಾರ್ಖಾನೆ ಇದ್ದದ್ದು ಡೆಟ್ರಾಯಿಟ್‌ನಲ್ಲೂ ಅಲ್ಲ, ನಿಮ್ಮ ಟ್ರಾಯ್‌ನಲ್ಲೇ. ಈಸ್ಟ್ ಮೇಪಲ್ ರಸ್ತೆಯಲ್ಲಿ. ಬಹುಶಃ ನೀವು ದಿನಸಿ ತರಲು ಅದೇ ರಸ್ತೆಯಲ್ಲಿ ಹೋಗುತ್ತೀರಿ. ಅಂದರೆ ಆ ಕಿಟ್ಟು ನಿಮ್ಮ ಊರಲ್ಲೇ ತಯಾರಾಗಿ, ಐನೂರಕ್ಕೂ ಹೆಚ್ಚು ಮೈಲಿ ದೂರದ ಸ್ಕ್ರ್ಯಾಂಟನ್‌ಗೆ ಹೋಗಿ, ಅಲ್ಲಿಂದ ಅಂಚೆಯಲ್ಲಿ ವಾಪಸು ನಿಮ್ಮ ಊರಿಗೇ ಬಂದಿದೆ.

ಇದು ಪೆದ್ದುತನ ಅಲ್ಲ. ಕಾರಣ ಇದೆ, ಅದು ಅಚ್ಚಿನೊಳಗೆ ಇದೆ. ನಾನು ಮೂವತ್ತು ವರ್ಷ ಪ್ಲಾಸ್ಟಿಕ್ ಡೈ, ಅಂದರೆ ಅಚ್ಚು, ಮಾಡಿದವನು. ರಾಜಾಜಿನಗರದ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಕಲಿತು ಪೀಣ್ಯದಲ್ಲಿ ದುಡಿದೆ. ಹಾಗಾಗಿ ಮೊದಲು ಅಚ್ಚಿನ ಕಥೆ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ಎಎಂಟಿ ಅಂದರೆ ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್. 1948ರಲ್ಲಿ ಶುರುವಾಯಿತು. ಮೊದಮೊದಲು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದರು, ಬೇಗನೆ ಪ್ಲಾಸ್ಟಿಕ್‌ಗೆ ಬಂದರು. ಹೆಸರು ಮಾತ್ರ ಹಾಗೇ ಉಳಿಯಿತು. ಅವರ ಮೊದಲ ಗಿರಾಕಿಗಳು ಮಕ್ಕಳಲ್ಲ, ಕಾರು ಡೀಲರ್‌ಗಳು. ಹೊಸ ಕಾರು ಪ್ರತಿ ವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಶೋರೂಮ್‌ಗೆ ಬರುತ್ತಿತ್ತು. ಅದರ ಜೊತೆಗೆ ಅದರದೇ 25ನೇ ಒಂದು ಭಾಗದಷ್ಟು ಗಾತ್ರದ ಪುಟ್ಟ ಕಾರು, ನಿಜವಾದ ಕಾರಿಗೆ ಹೊಡೆದ ಬಣ್ಣದಲ್ಲೇ, ಡೀಲರ್ ಮೇಜಿನ ಮೇಲೆ ಕೂರುತ್ತಿತ್ತು. ಇದಕ್ಕೆ ಪ್ರೊಮೊ ಅನ್ನುತ್ತಾರೆ. ಅಪ್ಪ ಹೊಸ ಕಾರು ನೋಡುವಾಗ ಮಗನ ಕೈಗೆ ಇದನ್ನು ಕೊಡುತ್ತಿದ್ದರು. ಮುಂದಿನದು ನಿಮಗೇ ಗೊತ್ತು. ಇದು ಕಾರು ಬಿಡುಗಡೆಯ ದಿನಕ್ಕೆ ಸಿದ್ಧವಾಗಬೇಕು ಅಂದರೆ ಕಾರು ಕಂಪನಿಯವರು ತಿಂಗಳುಗಟ್ಟಲೆ ಮೊದಲೇ ಗುಟ್ಟಾಗಿ ನಕ್ಷೆ ಕೊಡಬೇಕಿತ್ತು. ಅದಕ್ಕೇ ಈ ಉದ್ಯೋಗ ಡೆಟ್ರಾಯಿಟ್ ಸುತ್ತಮುತ್ತ ಬೆಳೆಯಿತು. ಜೋ-ಹ್ಯಾನ್ ಅನ್ನುವ ಇನ್ನೊಂದು ಕಂಪನಿ ಡೆಟ್ರಾಯಿಟ್‌ನಲ್ಲೇ ಇತ್ತು. ಎಂಪಿಸಿ ಅನ್ನುವುದು ಮೌಂಟ್ ಕ್ಲೆಮೆನ್ಸ್‌ನಲ್ಲಿ, ನಿಮ್ಮಿಂದ ಅರ್ಧ ಗಂಟೆಯ ದಾರಿ.

1958ರಲ್ಲಿ ಎಎಂಟಿಯವರಿಗೆ ಒಂದು ಉಪಾಯ ಹೊಳೆಯಿತು. ಪ್ರೊಮೊ ಕಾರಿನ ಅಚ್ಚು ಹೇಗೂ ಕೈಯಲ್ಲಿದೆ. ಅದರ ಬಿಡಿ ಭಾಗಗಳನ್ನೇ ಡಬ್ಬಕ್ಕೆ ತುಂಬಿ, ಇನ್ನಷ್ಟು ಬೇರೆ ಬೇರೆ ಬಂಪರ್, ಚಕ್ರ, ಅಲಂಕಾರ ಸೇರಿಸಿ ಮಕ್ಕಳಿಗೆ ಮಾರಿದರೆ? ‘ತ್ರೀ ಇನ್ ಒನ್’ ಅಂತ ಹೆಸರಿಟ್ಟರು. ಶೋರೂಮ್‌ನಲ್ಲಿ ಇದ್ದ ಹಾಗೆ ಕಟ್ಟಬಹುದು, ಸಿಂಗಾರ ಮಾಡಿ ಕಟ್ಟಬಹುದು, ರೇಸ್ ಕಾರು ಮಾಡಬಹುದು. ಒಂದೇ ಡಬ್ಬ, ಮೂರು ದಾರಿ. ಬೆಲೆ ಒಂದೂವರೆ ಡಾಲರ್ ಆಸುಪಾಸು. ನಿಮ್ಮ ಪಾರ್ಸಲ್ ಒಳಗಿರುವುದು ಈ ಸಾಲಿನದೇ.

ಈಗ ಅಚ್ಚು. ಕಾರಿನ ಬಾಡಿ ಒಂದೇ ತುಂಡಾಗಿ ಬರಬೇಕು. ಎರಡು ಹೋಳಿನ ಸಾದಾ ಡೈನಲ್ಲಿ ಅದು ಆಗುವುದಿಲ್ಲ. ಪಕ್ಕದಲ್ಲಿ ಬಾಗಿಲಿನ ಗೆರೆ ಇದೆ, ಮುಂದೆ ಗ್ರಿಲ್‌ಗೆ ಜಾಗ ಇದೆ, ಹಿಂದೆ ದೀಪದ ಗುಳಿ ಇದೆ. ಮೇಲಿಂದ ಕೆಳಕ್ಕೆ ಎಳೆದರೆ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕೆ ನಾಲ್ಕೂ ಕಡೆ ಜಾರುವ ಸ್ಲೈಡ್‌ಗಳಿರುವ ಡೈ ಬೇಕು. ಪ್ಲಾಸ್ಟಿಕ್ ತುಂಬಿದ ಮೇಲೆ ಪಕ್ಕದವು ಪಕ್ಕಕ್ಕೆ, ಮುಂದಿನದು ಮುಂದಕ್ಕೆ ಸರಿಯುತ್ತವೆ. ಆಮೇಲೆ ಬಾಡಿ ಹೊರಗೆ ಬರುತ್ತದೆ. ನಿಮ್ಮ ಗ್ಯಾಲಕ್ಸಿಯ ಮೂಲೆಗಳಲ್ಲಿ ಬೆರಳು ಆಡಿಸಿ ನೋಡಿ. ಕೂದಲೆಳೆಯಷ್ಟು ತೆಳ್ಳನೆ ಗೆರೆ ತಾಗುತ್ತದೆ. ಸ್ಲೈಡ್‌ಗಳು ಕೂಡುವ ಜಾಗ ಅದು. ಆಗಿನ ಕಾಲದಲ್ಲಿ ಕಂಪ್ಯೂಟರ್ ಇಲ್ಲ. ದೊಡ್ಡ ಗಾತ್ರದ ಮಾದರಿ ಕೆತ್ತಿ, ಪ್ಯಾಂಟೊಗ್ರಾಫ್ ಯಂತ್ರದಲ್ಲಿ ಅದರ ಮೇಲೆ ಒಂದು ಕಡ್ಡಿ ಆಡಿಸಿದರೆ, ಇನ್ನೊಂದು ತುದಿಯ ಕಟರ್ ಅದನ್ನೇ ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತಿತ್ತು. ಮಿಕ್ಕಿದ್ದು ಕೈ ಕೆಲಸ. ಒಂದು ಡೈಗೆ ಆಗುವ ಖರ್ಚು ನೆನೆಸಿಕೊಂಡರೆ ನನಗೆ ಈಗಲೂ ಬೆವರು ಬರುತ್ತದೆ.

ಆ ಖರ್ಚನ್ನು ಪ್ರತಿ ವರ್ಷ ಯಾರು ಮಾಡುತ್ತಾರೆ? ಡೆಟ್ರಾಯಿಟ್‌ನವರು ಕಾರನ್ನು ಪ್ರತಿ ವರ್ಷ ಪೂರ್ತಿ ಬದಲಿಸುತ್ತಿರಲಿಲ್ಲ. ಒಂದು ವರ್ಷ ಗ್ರಿಲ್, ಒಂದು ವರ್ಷ ಹಿಂದಿನ ದೀಪ, ಒಂದು ವರ್ಷ ಬಾಗಿಲ ಮೇಲಿನ ಪಟ್ಟಿ. ಮೂತಿಗೆ ಹೊಸ ಬಣ್ಣ, ಅಷ್ಟೇ. ಹಾಗಿದ್ದಾಗ ಕಿಟ್ ಮಾಡುವವರೂ ಹೊಸ ಡೈ ಮಾಡುತ್ತಿರಲಿಲ್ಲ. ಹೋದ ವರ್ಷದ ಡೈಯನ್ನೇ ಬಿಚ್ಚಿ, ಅದರಲ್ಲೇ ಈ ವರ್ಷದ ಪಟ್ಟಿ ಕೊರೆದು, ಮುಂದಿನ ತುಂಡನ್ನು ಬದಲಿಸಿ ಮತ್ತೆ ಮೆಷಿನ್‌ಗೆ ಹಾಕುತ್ತಿದ್ದರು.

ಟೂಲ್ ರೂಮ್‌ನಲ್ಲಿ ಕಾಲಿಟ್ಟವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಉಕ್ಕನ್ನು ತೆಗೆಯುವುದು ಸುಲಭ, ತಿರುಗಿ ಹಾಕುವುದು ಕಷ್ಟ. ವೆಲ್ಡ್ ಮಾಡಿ ತುಂಬಿ, ಮತ್ತೆ ಉಜ್ಜಿ, ಮತ್ತೆ ಕೊರೆಯಬೇಕು. ಆಟದ ಸಾಮಾನಿಗೆ ಯಾರೂ ಅಷ್ಟು ಮಾಡುವುದಿಲ್ಲ. ಆದ್ದರಿಂದ ಈ ವರ್ಷದ ಕಾರು ಹುಟ್ಟಿತು ಅಂದರೆ ಹೋದ ವರ್ಷದ ಕಾರು ಸತ್ತಿತು ಅಂತಲೇ ಲೆಕ್ಕ. ಗೋದಾಮಿನಲ್ಲಿ ಉಳಿದಷ್ಟು ಡಬ್ಬಗಳು ಮಾತ್ರ. ಅವು ಖಾಲಿಯಾದರೆ ಕಾರ್ಖಾನೆಯವರಿಗೇ ಬೇಕೆಂದರೂ ಸಿಗುವುದಿಲ್ಲ. ಎಲ್ಲ ಕಿಟ್‌ಗಳ ಪಾಡೂ ಹೀಗಲ್ಲ. ಕೆಲವು ಡೈಗಳು ಹಾಗೇ ಉಳಿದು ಮತ್ತೆ ಮತ್ತೆ ಅಚ್ಚು ಕಂಡಿವೆ. ಆದರೆ ವರ್ಷ ವರ್ಷ ಬರುತ್ತಿದ್ದ ಈ ಸಾಲಿನಲ್ಲಿ ಅಳಿದುಹೋದವು ಬಹಳ.

ಈಗ 1966ರ ಮಾರ್ಚ್‌ಗೆ ಬನ್ನಿ. ನಿಮ್ಮ ಮನೆಯ ಆ ಹುಡುಗ ಸೈಕಲ್ ಹತ್ತಿ ಅಂಗಡಿಗೆ ಹೋಗಿದ್ದರೆ ಅವನಿಗೆ ಸಿಗುತ್ತಿದ್ದದ್ದು 66ರ ಕಾರುಗಳು. ಕಿಟ್‌ಗಳನ್ನು ಮಾರುತ್ತಿದ್ದದ್ದು ಔಷಧಿ ಅಂಗಡಿ, ಐದು-ಹತ್ತು ಸೆಂಟಿನ ಚಿಲ್ಲರೆ ಅಂಗಡಿ, ಹಾರ್ಡ್‌ವೇರ್ ಅಂಗಡಿ. ಅವರಿಗೆ ಜಾಗ ಕಡಿಮೆ. ಹೊಸದು ಬಂದಾಗ ಹಳೆಯದನ್ನು ಅಗ್ಗಕ್ಕೆ ತೀರಿಸಿಬಿಡುತ್ತಿದ್ದರು. ಮೇಲಾಗಿ ಆ ಹೊತ್ತಿಗೆ ಸ್ಲಾಟ್ ಕಾರಿನ ಹುಚ್ಚು ಹತ್ತಿತ್ತು. ವಿದ್ಯುತ್ ಪಟ್ಟಿಯ ಮೇಲೆ ಓಡುವ ಪುಟ್ಟ ರೇಸ್ ಕಾರುಗಳು ಕಪಾಟಿನ ಅರ್ಧ ಜಾಗ ತಿಂದಿದ್ದವು. ಮೂರು ವರ್ಷ ಹಳೆಯ ಗ್ಯಾಲಕ್ಸಿ ಅಲ್ಲಿ ಎಲ್ಲಿಂದ ಬರಬೇಕು?

ಅದು ಇದ್ದದ್ದು ಸ್ಕ್ರ್ಯಾಂಟನ್‌ನಲ್ಲಿ. ಕಲ್ಲಿದ್ದಲ ಗಣಿಗಳ ಊರು. ಅಲ್ಲಿ ಆಸ್ಕರ್ ಕೊವೆಲೆಸ್ಕಿ ಅನ್ನುವವರು ಆಟೋ ವರ್ಲ್ಡ್ ಅಂತ ಅಂಚೆ ಅಂಗಡಿ, ಅಂದರೆ ಅಂಚೆಯಲ್ಲೇ ಮಾಲು ಕಳಿಸುವ ಅಂಗಡಿ, ನಡೆಸುತ್ತಿದ್ದರು. ಸ್ವತಃ ರೇಸ್ ಕಾರು ಓಡಿಸುವ ಮನುಷ್ಯ. ಅವರ ಕ್ಯಾಟಲಾಗ್‌ನಲ್ಲಿ ಪೂರ್ತಿ ಕಿಟ್‌ಗಳಷ್ಟೇ ಅಲ್ಲ, ಬಿಡಿ ಎಂಜಿನ್, ಬಿಡಿ ಚಕ್ರ, ಬಣ್ಣ, ಸ್ಟಿಕ್ಕರ್ ಎಲ್ಲ ಇರುತ್ತಿದ್ದವು. ಇಂಥ ಅಂಗಡಿ ಇದೊಂದೇ ಅಲ್ಲ. ನ್ಯೂಯಾರ್ಕ್‌ನ 22ನೇ ಬೀದಿಯಲ್ಲಿ ಅಮೆರಿಕಾಸ್ ಹಾಬಿ ಸೆಂಟರ್ ಇತ್ತು, ಅದು ಇನ್ನೂ ಹಳೆಯದು. 1962ರಲ್ಲಿ ‘ಕಾರ್ ಮಾಡೆಲ್’, ಅದರ ಮರುವರ್ಷ ‘ಮಾಡೆಲ್ ಕಾರ್ ಸೈನ್ಸ್’ ಅನ್ನುವ ಪತ್ರಿಕೆಗಳು ಶುರುವಾದವು. ಅಂಚೆ ಅಂಗಡಿಗಳ ಜಾಹೀರಾತು ಇಂಥ ಪತ್ರಿಕೆಗಳಲ್ಲಿ ಬರುತ್ತಿತ್ತು, ಮೂಲೆಯಲ್ಲಿ ಚುಕ್ಕೆ ಗೆರೆಯ ಕೂಪನ್ ಸಮೇತ. ಅದನ್ನು ಕತ್ತರಿಸಿದರೆ ಹಿಂದಿನ ಪುಟದ ಲೇಖನಕ್ಕೆ ತೂತು. ಹಳೆ ಪತ್ರಿಕೆ ಕೊಳ್ಳುವವರು ಇವತ್ತಿಗೂ ಮೊದಲು ಕೇಳುವುದು, ಕೂಪನ್ ಇದೆಯಾ ಅಂತ.

ಆದ್ದರಿಂದ ನಿಮ್ಮ ಮಗನಿಗೆ ಹೀಗೆ ಹೇಳಿ. ಹೊಸದು ಬೇಕಿದ್ದವರು ಅಂಗಡಿಗೆ ಹೋಗುತ್ತಿದ್ದರು. ತಪ್ಪಿಹೋದದ್ದು ಬೇಕಿದ್ದವರು ಅಂಚೆಗೆ ಬರೆಯುತ್ತಿದ್ದರು.

ಆದರೆ 66ರಲ್ಲಿ 63ರ ಫೋರ್ಡ್ ಯಾಕೆ ಬೇಕಾಯಿತು? ಇದಕ್ಕೆ ದಾಖಲೆ ಇಲ್ಲ, ನಾನು ಕೇಳಿದ ಮಾತು ಇದೆ. 1991ರಲ್ಲಿ ಒಂದು ಮೆಷಿನ್ ಕಲಿಯಲು ನನ್ನನ್ನು ಮಿಶಿಗನ್‌ಗೆ ಕಳಿಸಿದ್ದರು. ಅಲ್ಲಿ ನನ್ನ ಜೊತೆ ಕೆಲಸ ಮಾಡಿದ ಟೂಲ್‌ಮೇಕರ್‌ಗೆ ಆಗ ನಲವತ್ತು ದಾಟಿತ್ತು. ಊಟದ ಹೊತ್ತಿನಲ್ಲಿ ಅವರು ಹೇಳುತ್ತಿದ್ದ ಬಾಲ್ಯದ ಕಥೆಗಳಲ್ಲಿ ಅರ್ಧ ಈ ಕಿಟ್‌ಗಳದೇ. ‘ಎಲ್ಲ ಹುಡುಗರೂ ಎರಡೇ ಕಾರು ಕಟ್ಟುತ್ತಿದ್ದರು. ಒಂದು ಕೈಗೆ ಎಟುಕದ ಕಾರು, ಇನ್ನೊಂದು ಅಪ್ಪನ ಕಾರು’ ಅಂದಿದ್ದರು. ಎಟುಕದ ಕಾರು ಹೊಸದು, ಅಂಗಡಿಯಲ್ಲೇ ಸಿಗುತ್ತದೆ. ಅಪ್ಪನ ಕಾರು ಮೂರು-ನಾಲ್ಕು ವರ್ಷ ಹಳೆಯದು. ಅದನ್ನು ಎಲ್ಲಿಂದಾದರೂ ತರಿಸಬೇಕು. ಬಣ್ಣ ಕೂಡ ಅದೇ ಆಗಬೇಕು. ಅವರು ಅಪ್ಪನ ಕಾರಿನ ಗೀರು ಮುಚ್ಚಲು ಇಟ್ಟಿದ್ದ ಬಣ್ಣದ ಸೀಸೆಯನ್ನೇ ಕದ್ದು ಬಳಿದರಂತೆ. ಆ ಬಣ್ಣ ಪ್ಲಾಸ್ಟಿಕ್ ಅನ್ನು ತಿಂದು, ಬಾನೆಟ್ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದಿತಂತೆ. ನಿಜವಾದ ಕಾರಿನ ಲ್ಯಾಕರ್ ಅನ್ನು ಪಾಲಿಸ್ಟೈರೀನ್ ಮೇಲೆ ಹಚ್ಚಿದರೆ ಆಗುವುದೇ ಅದು.

ದುಡ್ಡಿನ ಲೆಕ್ಕ ನೋಡಿ. ಒಂದೂವರೆ ಡಾಲರ್ ಅಂದರೆ ಈಗ ನಗು ಬರುತ್ತದೆ. ಆದರೆ 1963ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ದೊಡ್ಡವರ ಕನಿಷ್ಠ ಕೂಲಿಯೇ ಗಂಟೆಗೆ ಒಂದೂಕಾಲು ಡಾಲರ್. ಕಾಮಿಕ್ಸ್ ಪುಸ್ತಕಕ್ಕೆ 12 ಸೆಂಟ್. ಒಂದು ಕಿಟ್ ಬಿಟ್ಟರೆ ಹನ್ನೆರಡು ಕಾಮಿಕ್ಸ್. ಪೇಪರ್ ಹಾಕಿ, ಅಕ್ಕಪಕ್ಕದ ಮನೆಯ ಹುಲ್ಲು ಕತ್ತರಿಸಿ, ಹಿಮ ಗುಡಿಸಿ ಸೇರಿಸಿದ ದುಡ್ಡು ಅದು.

ಸೇರಿಸಿದರೆ ಸಾಲದು, ಕಳಿಸಬೇಕಲ್ಲ. ಹುಡುಗನ ಹತ್ತಿರ ಚೆಕ್ ಪುಸ್ತಕ ಇರುವುದಿಲ್ಲ. ಅಮ್ಮನ ಹತ್ತಿರ ಬರೆಸಿಕೊಂಡರೆ, ಚೆಕ್ ಪಾಸಾಗುವ ತನಕ ಎಷ್ಟೋ ಅಂಗಡಿಯವರು ಮಾಲು ಕಳಿಸುತ್ತಿರಲಿಲ್ಲ. ಹಾಗಾಗಿ ಜಾಣ ಹುಡುಗರು ಅಂಚೆ ಕಚೇರಿಗೆ ಹೋಗಿ ಮನಿ ಆರ್ಡರ್ ಮಾಡಿಸುತ್ತಿದ್ದರು. ನಿಮ್ಮ ಪಾರ್ಸಲ್‌ನಲ್ಲಿ ಅದರ ರಸೀದಿ ಇದೆ ಅಂದಿರಿ. ಅಂದರೆ ಆ ಹುಡುಗನಿಗೆ ಇದು ಮೊದಲ ಆರ್ಡರ್ ಅಲ್ಲ ಅಂತ ನನ್ನ ಅಂದಾಜು. ಮೊದಲ ಸಲ ಮಾಡುವವರು ನಾಣ್ಯಗಳನ್ನು ರಟ್ಟಿಗೆ ಟೇಪ್ ಹಚ್ಚಿ ಲಕೋಟೆಗೆ ಹಾಕುತ್ತಿದ್ದರು. ‘ನಗದು ಕಳಿಸಬೇಡಿ’ ಅಂತ ಅಲ್ಲೇ ಅಚ್ಚಾಗಿರುತ್ತಿತ್ತು, ಬಿಡಿ.

ಆಮೇಲೆ ಕಾಯುವುದು. ಜಾಹೀರಾತಿನಲ್ಲಿ ನಾಲ್ಕರಿಂದ ಆರು ವಾರ ಅಂತ ಬರೆದಿರುತ್ತಿತ್ತು. 30 ದಿನದೊಳಗೆ ಮಾಲು ಕಳಿಸಬೇಕು, ಇಲ್ಲವಾದರೆ ಗಿರಾಕಿಗೆ ತಿಳಿಸಿ ದುಡ್ಡು ವಾಪಸು ಪಡೆಯುವ ಅವಕಾಶ ಕೊಡಬೇಕು ಅನ್ನುವ ನಿಯಮ ಅಮೆರಿಕದಲ್ಲಿ ಬಂದದ್ದೇ 1975ರಲ್ಲಿ. ಅದಕ್ಕೆ ಮುಂಚೆ ಅಂಗಡಿಯವರು ಹೇಳಿದ್ದೇ ವೇದ. ದೂರದ ಊರಿಗೆ ಟ್ರಂಕ್ ಕಾಲ್ ಮಾಡಿ ಕೇಳಿದರೆ ಅದೇ ಒಂದು ಕಿಟ್‌ನ ಬೆಲೆಗೆ ಹತ್ತಿರ. ಯುಪಿಎಸ್ ಅನ್ನುವ ಖಾಸಗಿ ಕೊರಿಯರ್‌ನವರು ಒಂದಕ್ಕೊಂದು ಅಂಟಿಕೊಂಡಿರುವ 48 ರಾಜ್ಯಗಳನ್ನೂ ಮುಟ್ಟಿದ್ದು ಕೂಡ 1975ರಲ್ಲೇ. ಆದ್ದರಿಂದ 66ರಲ್ಲಿ ಇದೆಲ್ಲ ಸರ್ಕಾರಿ ಅಂಚೆಯ ಕೆಲಸ. ಆ ಟೂಲ್‌ಮೇಕರ್ ಮೂರನೇ ವಾರದಿಂದಲೇ ಶಾಲೆ ಬಿಟ್ಟ ಕೂಡಲೇ ಓಡಿ ಬರುತ್ತಿದ್ದರಂತೆ. ಪೋಸ್ಟ್‌ಮ್ಯಾನ್ ಇವರನ್ನು ಕಂಡ ತಕ್ಷಣ ದೂರದಿಂದಲೇ ತಲೆ ಅಲ್ಲಾಡಿಸಿ ಬಿಡುತ್ತಿದ್ದನಂತೆ, ಇವತ್ತೂ ಇಲ್ಲ ಅಂತ.

ಇಲ್ಲಿ ನನ್ನದೂ ಒಂದು ಸಣ್ಣ ಕಥೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1972ರಲ್ಲಿ ನನಗೆ ಹನ್ನೆರಡು ವರ್ಷ, ಅರಸೀಕೆರೆಯಲ್ಲಿದ್ದೆವು. ರದ್ದಿ ಅಂಗಡಿಯಲ್ಲಿ ಒಂದು ಅಮೆರಿಕನ್ ಪತ್ರಿಕೆ ಸಿಕ್ಕಿತು. ಅದರಲ್ಲಿ ಇಂಥದೇ ಕೂಪನ್. ತುಂಬಿಕೊಂಡು ಅಂಚೆ ಕಚೇರಿಗೆ ಹೋದೆ. ಪೋಸ್ಟ್ ಮಾಸ್ಟರ್ ಕನ್ನಡಕ ಮೇಲೆ ಮಾಡಿ ಓದಿದರು. ‘ಡಾಲರ್ ಮನಿ ಆರ್ಡರ್ ಇಲ್ಲಿಂದ ಹೋಗಲ್ಲ ಕಣಪ್ಪ’ ಅಂದರು. ಪಾಪ, ಅವರೇ ಒಂದು ದಾರಿ ಹೇಳಿದರು. ಅಂತರರಾಷ್ಟ್ರೀಯ ರಿಪ್ಲೈ ಕೂಪನ್ ಅಂತ ಒಂದಿತ್ತು. ಅದನ್ನು ಪತ್ರದ ಜೊತೆ ಇಟ್ಟರೆ ಅಲ್ಲಿಯವರು ಅದನ್ನು ಕೊಟ್ಟು ತಮ್ಮ ಊರಿನ ಸ್ಟಾಂಪ್ ತೆಗೆದುಕೊಂಡು ಉತ್ತರ ಬರೆಯಬಹುದು. ಅದನ್ನು ಹೊಂದಿಸಿ ಕ್ಯಾಟಲಾಗ್ ಕಳಿಸಿ ಅಂತ ಬರೆದೆ. ನಾಲ್ಕು ತಿಂಗಳ ಮೇಲೆ ಹಡಗಿನಲ್ಲಿ ಬಂತು, ಒಂದು ಮೂಲೆ ಒದ್ದೆಯಾಗಿ. ಕಿಟ್ ಕೊಳ್ಳುವ ದಾರಿ ಇರಲಿಲ್ಲ. ಕ್ಯಾಟಲಾಗ್ ಅನ್ನೇ ಬಾಯಿಪಾಠ ಮಾಡಿದೆ. ಯಾವ ಕಾರಿಗೆ ಎಷ್ಟು ಭಾಗ, ಯಾವ ನಂಬರು, ಎಲ್ಲ. ಶಾಲೆಯ ಪದ್ಯ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಆಮೇಲೆ ಒಂದು ಕನ್ನಡ ವಾರಪತ್ರಿಕೆಯಲ್ಲಿ ನಮ್ಮ ದೇಶದ್ದೇ ಒಂದು ಜಾಹೀರಾತು ನೋಡಿದೆ. ‘ನೀವೇ ಕಟ್ಟಿ ಮೋಟಾರು ಕಾರು.’ ವಿ.ಪಿ.ಪಿ. ಮೂಲಕ. ವಿ.ಪಿ.ಪಿ. ನಮ್ಮಲ್ಲಿ 1877ರಿಂದ ಇದೆ. ಅಮೆರಿಕದ ಅಂಚೆಗೆ ಇಂಥ ಏರ್ಪಾಡು ಬಂದದ್ದು 1913ರಲ್ಲಿ. ಈ ಒಂದು ವಿಷಯದಲ್ಲಿ ನಾವು ಮುಂದೆ. ಆದರೆ ಇದರ ತೊಡಕು ಗೊತ್ತಲ್ಲ. ದುಡ್ಡು ಎಣಿಸಿದ ಮೇಲೇ ಪೊಟ್ಟಣ ಕೈಗೆ ಬರುವುದು. ಅಜ್ಜಿ ಕೊಟ್ಟ ದುಡ್ಡು ಎಣಿಸಿದೆ. ಬಿಚ್ಚಿದರೆ ಒಳಗೆ ಬಣ್ಣದ ರಟ್ಟಿನ ಹಾಳೆ. ಕತ್ತರಿಸಿ, ಮಡಚಿ, ಅಂಟಿಸಬೇಕು. ಕಾರಿಗೆ ಚಕ್ರ ತಿರುಗುತ್ತಲೂ ಇರಲಿಲ್ಲ. ‘ಕಟ್ಟೋದು ಅಂತ ಹೇಳಿದ್ದ, ಓಡೋದು ಅಂತ ಹೇಳಿದ್ನಾ?’ ಅಂತ ಅಜ್ಜಿ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 91ರಲ್ಲಿ ಮಿಶಿಗನ್‌ನ ಬಾಡಿಗೆ ಕೋಣೆಯಿಂದ ನಾನು ಮಾಡಿದ ಮೊದಲ ಕೆಲಸ, ಒಂದು ಕಿಟ್ ಅಂಚೆಯಲ್ಲಿ ತರಿಸಿದ್ದು. ಅಂಗಡಿ ಎರಡು ಬೀದಿ ಆಚೆ ಇತ್ತು. ಆದರೂ ತರಿಸಿದೆ.

ಸರಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲ ಕೆಲಸ ಇವತ್ತೇ ಮಾಡಿ. ಡಬ್ಬ ತೆರೆದು ಟೈರ್‌ಗಳನ್ನು ಹೊರಗೆ ತೆಗೆದು ಬೇರೆ ಕವರ್‌ಗೆ ಹಾಕಿ. ಆ ಕಾಲದ ಮೆತ್ತನೆ ವಿನೈಲ್ ಟೈರ್‌ಗಳು ಕೆಟ್ಟವು. ಅವು ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಗೆ ಸೂಸುತ್ತದೆ. ತಾಗಿಕೊಂಡಿರುವ ಗಟ್ಟಿ ಪ್ಲಾಸ್ಟಿಕ್ ಅನ್ನು ಕರಗಿಸುತ್ತದೆ. ಅರವತ್ತು ವರ್ಷ ಅವು ಗಾಜಿನ ಭಾಗದ ಮೇಲೋ ಬಾಡಿಯ ಮೇಲೋ ಕೂತಿದ್ದರೆ, ಅಲ್ಲಿ ಟೈರ್ ಗೆರೆಯ ಗುರುತು ಸುಟ್ಟ ಹಾಗೆ ಮೂಡಿರುತ್ತದೆ. ಆಗಿದ್ದರೆ ಆಗಿಹೋಯಿತು, ಇನ್ನು ಮುಂದೆ ಆಗದ ಹಾಗೆ ನೋಡಿಕೊಳ್ಳಿ.

ಎರಡನೆಯದು, ಬೇಸ್‌ಮೆಂಟ್‌ನಿಂದ ಮೇಲಕ್ಕೆ ತನ್ನಿ. ತೇವಕ್ಕೆ ಪ್ಲಾಸ್ಟಿಕ್ ಹೆದರುವುದಿಲ್ಲ, ಕಾಗದ ಹೆದರುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್ ಹಾಳೆ ಹಳದಿಯಾಗಿದ್ದರೆ ಎಸೆಯಬೇಡಿ. ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ವಾರ ಅಂಟಿಸಿಡಿ. ಹಳದಿ ಬಹಳ ಮಟ್ಟಿಗೆ ಇಳಿಯುತ್ತದೆ. ಹಳೆಯ ಮಾಡೆಲ್ ಕಟ್ಟುವವರ ಮನೆಯ ಕಿಟಕಿ ನೋಡಿದರೆ ನಗು ಬರುತ್ತದೆ. ಬೆಳ್ಳಿ ಬಣ್ಣದ ಭಾಗಗಳನ್ನು ಮಾತ್ರ ಉಜ್ಜಬೇಡಿ. ಅವಕ್ಕೆ ಕ್ರೋಮ್ ಅನ್ನುತ್ತಾರೆ, ಆದರೆ ಅದರಲ್ಲಿ ಕ್ರೋಮಿಯಂ ಇಲ್ಲ. ಗಾಳಿ ತೆಗೆದ ಪಾತ್ರೆಯೊಳಗೆ ಅಲ್ಯೂಮಿನಿಯಂ ಅನ್ನು ಆವಿ ಮಾಡಿ ಕೂರಿಸಿದ ತೀರಾ ತೆಳು ಪದರ. ಬ್ಲೀಚ್ ತಾಗಿದರೆ ಕ್ಷಣದಲ್ಲಿ ಮಾಯ.

ಡಬ್ಬದ ಜೊತೆ ಅಂಟಿನ ಹಳೆ ಟ್ಯೂಬ್ ಸಿಕ್ಕಿದರೆ ಮಗನ ಕೈಗೆ ಕೊಡಬೇಡಿ. ಆ ಕಾಲದ ಅಂಟಿನಲ್ಲಿ ಟೊಲೀನ್ ಇರುತ್ತಿತ್ತು. ಅದನ್ನು ಮೂಸಿ ಅಮಲೇರಿಸಿಕೊಳ್ಳುವ ಚಟ ಹುಡುಗರಲ್ಲಿ ಹಬ್ಬಿ, ಅರವತ್ತರ ದಶಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ಕೆಲವು ಊರುಗಳಲ್ಲಿ ಅಂಟು ಕೊಳ್ಳುವುದಕ್ಕೂ ಕಟ್ಟುಪಾಡು ಬಂತು. ಕೊನೆಗೆ ಇಲಿನಾಯ್‌ನ ರಾಕ್‌ಫರ್ಡ್‌ನ ಟೆಸ್ಟರ್ಸ್ ಕಂಪನಿಯವರು 1969ರಲ್ಲಿ ಅಂಟಿಗೆ ಸಾಸಿವೆ ಎಣ್ಣೆಯ ಸಾರ ಬೆರೆಸಿದರು. ಮೂಸಿದರೆ ನಮ್ಮ ಒಗ್ಗರಣೆಯ ಘಾಟು ನೆತ್ತಿಗೆ ಹತ್ತಿದ ಹಾಗೆ ಹತ್ತುತ್ತದೆ. ನಿಮ್ಮದು 66ರದು, ಘಾಟಿನ ಕಾವಲೂ ಇಲ್ಲ.

ಬೆಲೆ? ಸ್ವಲ್ಪ ಬಂದೀತು, ಮನೆ ಸಾಲ ತೀರುವಷ್ಟಲ್ಲ. ಬೆಲೆ ಏರಿಳಿಯುವುದು ಮತ್ತೆ ಅಚ್ಚಿನಿಂದಲೇ. ಈಗ ಎಎಂಟಿ ಹೆಸರು ಇಂಡಿಯಾನಾದ ಸೌತ್ ಬೆಂಡ್‌ನ ರೌಂಡ್ 2 ಕಂಪನಿಯ ಕೈಯಲ್ಲಿದೆ. ಹಳೆಯ ಎಷ್ಟೋ ಕಿಟ್‌ಗಳನ್ನು ಅವರು ಹಳೆ ಡಬ್ಬದ ಚಿತ್ರದ ಸಮೇತ ಮತ್ತೆ ತಂದಿದ್ದಾರೆ. ಡೈ ಅಳಿದುಹೋದ ಕೆಲವಕ್ಕೆ, ಉಳಿದಿದ್ದ ಹಳೆ ಕಿಟ್‌ಗಳನ್ನೇ ಅಳೆದು ಹೊಸ ಡೈ ಮಾಡಿದ್ದಾರೆ. ಯಾವ ಕಾರು ಹಾಗೆ ಮತ್ತೆ ಬರುತ್ತದೋ ಅದರ ಹಳೆ ಡಬ್ಬದ ಬೆಲೆ ಇಳಿಯುತ್ತದೆ. ಇ-ಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಿ ಮರುಳಾಗಬೇಡಿ. ನಿಜವಾಗಿ ಮಾರಿಹೋದ ಬೆಲೆ ಬೇರೆ ಪಟ್ಟಿಯಲ್ಲಿ ಸಿಗುತ್ತದೆ, ಅದನ್ನು ನೋಡಿ.

ನನ್ನನ್ನು ಕೇಳಿದರೆ, ಕಿಟ್‌ಗಿಂತ ಕಾಗದ ಅಪರೂಪ. ಆ ವರ್ಷದ ಕಿಟ್‌ಗಳು ಇನ್ನೂ ಎಲ್ಲೆಲ್ಲೋ ಇವೆ. ವಿಳಾಸ, ಮುದ್ರೆ, ರಸೀದಿ, ಚೀಟಿ, ಸುತ್ತಿದ ಕಾಗದ, ಎಲ್ಲ ಒಟ್ಟಿಗೆ ಇರುವುದು ನಾನು ಇಷ್ಟು ವರ್ಷದಲ್ಲಿ ಮೂರು ಸಲ ನೋಡಿದ್ದೇನೆ. ಪೊಟ್ಟಣ ಬಿಚ್ಚಿದ ಮರುಕ್ಷಣ ಹುಡುಗರು ಕಾಗದವನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ಆದ್ದರಿಂದ ಅದನ್ನು ಚಪ್ಪಟೆ ಮಾಡಿ, ಆಮ್ಲ ಇಲ್ಲದ ಕಾಗದದ ಮಧ್ಯೆ ಇಡಿ. ಸೆಲೋಟೇಪ್ ಹಚ್ಚಬೇಡಿ. ವಿಳಾಸದ ಕೊನೆಗೆ ಐದು ಅಂಕಿಯ ಜಿಪ್ ಕೋಡ್ ಇದೆಯಾ ನೋಡಿ ಅಂತ ಮಗನಿಗೆ ಹೇಳಿ. ಜಿಪ್ ಕೋಡ್ ಬಂದದ್ದು 1963ರ ಜುಲೈ 1ಕ್ಕೆ. ಎಷ್ಟೋ ಜನ ಅದನ್ನು ಬರೆಯಲು ವರ್ಷಗಟ್ಟಲೆ ಮರೆಯುತ್ತಿದ್ದರು. ಹುಡುಗ ಬರೆದಿದ್ದಾನಾ, ಅಂಗಡಿಯವರು ಸೇರಿಸಿದ್ದಾರಾ, ಕೈಬರಹದಲ್ಲಿ ಗೊತ್ತಾಗುತ್ತದೆ.

ಕಟ್ಟಲು ಮಗನಿಗೆ ಬೇರೆ ಕಿಟ್ ಕೊಡಿಸಿ. ಹೊಸ ಅಚ್ಚಿನದು, ಟೊಲೀನ್ ಇಲ್ಲದ ಅಂಟಿನ ಜೊತೆ. ಮೊದಲ ಕಿಟ್ ಹಾಳಾಗುತ್ತದೆ, ಹಾಳಾಗಬೇಕು. ಬಾಗಿಲಿನ ಮೇಲೆ ಬೆರಳಚ್ಚು, ಗಾಜಿನ ಮೇಲೆ ಅಂಟು, ಎಡಕ್ಕೆ ವಾಲಿದ ಚಕ್ರ. ಆಮೇಲೆ ಎರಡನೆಯದು. ಅಷ್ಟರಲ್ಲಿ ಅವನಿಗೆ ಈ ಗ್ಯಾಲಕ್ಸಿ ಕಟ್ಟಲೇಬೇಕು ಅನ್ನಿಸಿದರೆ ನಾನು ಬೇಡ ಅನ್ನುವುದಿಲ್ಲ. ನನ್ನ ಜೊತೆಯ ಸಂಗ್ರಹಕಾರರು ಇದನ್ನು ಓದಿ ಬೈಯುತ್ತಾರೆ. ಬೈಯಲಿ. ಅದು ಮಾಡಿದ್ದೇ ಕಟ್ಟುವುದಕ್ಕೆ.

ಇಲ್ಲಿ ಕರ್ನಾಟಕದಲ್ಲಿ ಇದನ್ನು ಓದಿ ತರಿಸುವ ಆಸೆ ಹುಟ್ಟಿದವರಿಗೆ ಒಂದು ಮಾತು. ಆಮದಾಗುವ ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಕೊಳ್ಳುವ ಮುಂಚೆ ಸುಂಕದ ಲೆಕ್ಕ ಕೇಳಿಕೊಳ್ಳಿ. ಬಣ್ಣ, ಅಂಟು ಬೆಂಕಿ ಹತ್ತುವ ಮಾಲು, ವಿಮಾನದ ಅಂಚೆಯಲ್ಲಿ ಬರುವುದಿಲ್ಲ. ಅವನ್ನು ಇಲ್ಲೇ ಹುಡುಕಿಕೊಳ್ಳಿ.

ಇನ್ನು ಆ ಹುಡುಗ ಪಾರ್ಸಲ್ ಬಂದ ಮೇಲೂ ಯಾಕೆ ಕಟ್ಟಲಿಲ್ಲ ಅನ್ನುವುದು. ನೀವು ಕೇಳಿಲ್ಲ, ಆದರೆ ಪ್ರಶ್ನೆಯ ಸಾಲುಗಳ ನಡುವೆ ಅದೇ ಕಾಣುತ್ತಿದೆ. ಸಾಮಾನ್ಯ ಕಾರಣ ಬಹಳ ಸಪ್ಪೆ. ಹದಿನಾರು ತುಂಬಿ ಲೈಸೆನ್ಸ್ ಬಂದರೆ ಪುಟ್ಟ ಕಾರು ಯಾರಿಗೆ ಬೇಕು? ಎಷ್ಟೋ ಕಿಟ್‌ಗಳು ಹಾಗೇ ಉಳಿದಿವೆ. ಬೇರೆ ಕಾರಣವೂ ಇರಬಹುದು, ಆ ವರ್ಷಗಳಲ್ಲಿ ಅಲ್ಲಿಯ ಹುಡುಗರು ಯುದ್ಧಕ್ಕೂ ಹೋಗುತ್ತಿದ್ದರು. ನಾವು ಊಹೆ ಮಾಡುವುದು ಬೇಡ. ಹೊಸ ಕಿಟ್ ಕಟ್ಟಿ ಮುಗಿದ ಮೇಲೆ ಮಗನನ್ನು ಕರೆದುಕೊಂಡು ಆ ಅಜ್ಜನ ಮನೆಗೆ ಹೋಗಿ ಬನ್ನಿ. ಫೋನ್‌ನಲ್ಲಿ ಬರದ ಮಾತು ಎದುರಿಗೆ ಕಾರು ಇದ್ದರೆ ಬಂದರೂ ಬಂದೀತು. ಮನೆಯಲ್ಲಿ ಆಗ ಯಾವ ಕಾರಿತ್ತು ಅಂತ ಮಾತ್ರ ತಪ್ಪದೆ ಕೇಳಿ.

ನನ್ನದೊಂದು ಬೇಡಿಕೆ. ಆರ್ಡರ್ ಚೀಟಿಯ ಫೋಟೊ ತೆಗೆದು ಕಳಿಸುತ್ತೀರಾ? ಇಂಥ ಚೀಟಿಗಳ ಕೆಳಗೆ, ಕೇಳಿದ್ದು ಮುಗಿದಿದ್ದರೆ ಬದಲಿಗೆ ಏನು ಕಳಿಸಬೇಕು ಅಂತ ಬರೆಯಲು ಒಂದು ಸಾಲು ಖಾಲಿ ಬಿಟ್ಟಿರುತ್ತಿದ್ದರು. ಅವನು ಅಲ್ಲಿ ಬೇರೆ ಕಾರಿನ ಹೆಸರು ಬರೆದಿದ್ದಾನಾ, ‘ಬೇರೆ ಏನೂ ಬೇಡ’ ಅಂತ ಬರೆದಿದ್ದಾನಾ, ನೋಡಬೇಕು.